ಮರದ ಮೇಲಿನ ಬುತ್ತಿ

ತಂಗೀ,

ಅರ್ಧ ದಿನ ನಡೆದು ಈ ಕೆರೆಯ ದಂಡೆಗೆ ಬಂದು ಡೇರೆ ಹಾಕಿದ್ದೇವೆ. ಕೆರೆ ಚೆನ್ನಾಗಿದೆ, ನೋಡುವ ಮನಸ್ಸಿಲ್ಲ. ಕರಡಿ ಬರುತ್ತದೆ, ತಿಂಡಿ ಚೀಲ ಮರಕ್ಕೆ ತೂಗುಹಾಕಿ ಎಂದು ಇಲ್ಲೊಂದು ಫಲಕವಿದೆ. ಎಲ್ಲರೂ ಕೊಂಬೆಯ ಮೇಲಿಂದ ಹಗ್ಗ ಎಸೆದು, ಚೀಲವನ್ನು ಮೇಲಕ್ಕೆಳೆದು, ತುದಿಯನ್ನು ಕೆಳಗೆ ಬುಡಕ್ಕೆ ಕಟ್ಟುತ್ತಾರೆ. ಮೂವತ್ತು ವರ್ಷ ಲೈನ್‌ಮನ್ ಆಗಿದ್ದ ನಿನ್ನ ಭಾವನವರಿಗೆ ಅದು ಅವಮಾನ. ನಿನ್ನೆ ಸಂಜೆ ತಾವೇ ಮರ ಹತ್ತಿ ಚೀಲವನ್ನು ಕೊಂಬೆಗೆ ಬಿಗಿದರು. ಇಳಿಯುವಾಗ ಮಂಡಿ ಉಳುಕಿತು. ಈಗ ಅವರಿಗೆ ಹತ್ತಲಾಗದು, ನನಗೆ ಹತ್ತಲು ಬಾರದು. ಅವರ ಬಿಪಿ ಮಾತ್ರೆಯೂ ಅದರಲ್ಲೇ ಇದೆ. ನನ್ನ ಹೊಟ್ಟೆ ತಾಳ ಹಾಕುತ್ತಿದ್ದರೆ, "ಗಂಟು ನೋಡೇ, ಒಂಚೂರೂ ಸಡಿಲ ಆಗಿಲ್ಲ" ಎಂದು ಬೆಳಗಿನಿಂದ ಮೂರು ಸಲ ಹೇಳಿದ್ದಾರೆ.

ಪಕ್ಕದ ಡೇರೆಯ ಗಂಡ ಹೆಂಡತಿ ಕೆಳಗೆ ಹೊರಟು ನಿಂತಿದ್ದಾರೆ. ಅಲ್ಲಿನ ಅರಣ್ಯ ಕಾವಲುಗಾರನಿಗೆ ಏಣಿ ತರಲು ಹೇಳಿ, ಈ ಕಾರ್ಡನ್ನೂ ಅಂಚೆಗೆ ಹಾಕುತ್ತಾರಂತೆ. ಉಳಿದ ಬ್ರೆಡ್ಡು ಕೊಟ್ಟು ಹೋಗೋಣವೇ ಎಂದೂ ಕೇಳಿದರು. ನಾನು ಕೈ ಚಾಚುವಷ್ಟರಲ್ಲಿ ನಿನ್ನ ಭಾವ ಮರದ ಮೇಲಿನ ಚೀಲದತ್ತ ಬೆರಳು ತೋರಿಸಿ, "ಬೇಡ ಬೇಡ, ನಮ್ಮ ಹತ್ರ ಬೇಕಾದಷ್ಟಿದೆ" ಅಂದುಬಿಟ್ಟರು.

ಹಸಿದ ನಿನ್ನ ಅಕ್ಕ