ತೋಪಿನ ಕೇರಿಗೆ ಹಸಿರು ಬಣ್ಣ

10-6-74, ಸೋಮವಾರ

ಊರಿನ ಹೊಸ ನಕ್ಷೆ ಆಫೀಸಿನ ಗೋಡೆಗೆ ಹಾಕಿ ಇವತ್ತಿಗೆ ಎಂಟು ದಿನ. ನೋಡಲು ಬಂದವರು ಹತ್ತು ಜನ. ಅದರಲ್ಲಿ ಮೂವರು ಮಳೆಗೆ ಹೆದರಿ ಒಳಗೆ ಬಂದವರು. ನಾಲ್ಕು ತಿಂಗಳು ಬೆನ್ನು ಬಗ್ಗಿಸಿ ಬಣ್ಣ ಹಾಕಿದವನು ನಾನು... ಇರಲಿ.

ಹಳದಿ ಮನೆಗಳಿಗೆ, ನೀಲಿ ಅಂಗಡಿಗಳಿಗೆ, ಹಸಿರು ಪಾರ್ಕು-ಮೈದಾನ-ತೋಪಿಗೆ. ಮಂಡ್ಯದಲ್ಲಿ ಇನ್ನು ಮುಂದೆ ಎಲ್ಲಿ ಏನು ಕಟ್ಟಬಹುದು, ಎಲ್ಲಿ ಕೂಡದು—ಎಲ್ಲ ಈ ಹಾಳೆಯಲ್ಲಿದೆ. ಹಳೆಯ ನಿಯಮ ಯಾವ ಕಾಲದ್ದೋ, ಪೇಟೆ ಅದನ್ನು ಎಂದೋ ದಾಟಿ ಹೋಗಿದೆ. ಒಪ್ಪದವರು ಜುಲೈ 15ರೊಳಗೆ ತಕರಾರು ಅರ್ಜಿ ಕೊಡಬೇಕು. ಡಬ್ಬದಲ್ಲಿ ಇದುವರೆಗೆ ಎರಡು. ಎರಡೂ ಮೈಸೂರು ರೋಡಿನ ಅಂಗಡಿಯವರದು.

ಸಾಹೇಬರು ನಕ್ಷೆಯ ಮುಂದೆ ನಿಂತು, "ಕಸ್ತೂರಿರಂಗ, ನಿನ್ನ ಕೈ ಚೆನ್ನಾಗಿದೆ ಕಣಯ್ಯ" ಅಂದರು. ಆಗಸ್ಟಿಗೆ ಪ್ರೊಬೇಷನ್ ಮುಗಿಯುತ್ತದೆ. ಮಧ್ಯಾಹ್ನ ಅಮ್ಮ ಕಟ್ಟಿಕೊಟ್ಟ ಮೊಸರನ್ನ ಹೆಚ್ಚು ರುಚಿಸಿತು.

24-6-74

ವಿಚಿತ್ರ ಅರ್ಜಿ. ನಾಲೆ ಪಕ್ಕದ ತೋಪಿನ ಕೇರಿಯವರದು. ತಂದವರು ಇಬ್ಬರು—ಪುಟ್ಟಮಾದಮ್ಮ ಅಂತ ಒಬ್ಬ ಮುದುಕಿ, ಕೇರಿಯ ಯಜಮಾನ ಮರಿಸಿದ್ದಯ್ಯ. ಕೆಳಗೆ ನಲವತ್ತೊಂದು ಹೆಬ್ಬೆಟ್ಟು, ಮನೆಗೊಂದು. ಮೇಲೆ ಒಂದೇ ಸಾಲು: "ನಮ್ಮ ಕೇರಿಯವರದು ಯಾವ ತಕರಾರೂ ಇರುವುದಿಲ್ಲ, ಬಹಳ ಉಪಕಾರವಾಯಿತು."

ನಗು ಬಂತು. "ಯಾತಕ್ಕಮ್ಮ ಉಪಕಾರ?" ಅಂದೆ.

"ನಮ್ ಕೇರೀನ ಅಸ್ರಲ್ಲಿ ಬರ್ದಿದ್ದೀರಲ್ಲ ಸ್ವಾಮಿ. ಅಂಗಡಿಯೋರ್ಗೆ ನೀಲಿ ಕೊಟ್ಟು ನಮ್ಗೆ ಅಸ್ರು ಕೊಟ್ಟವ್ರೆ ಅಂತ ಎಲ್ರೂ ಅಂದ್ರು. ತರಿ ಜಮೀನು ಮಾಡ್ತೀರಾ, ನಾಲೆ ನೀರು ಬತ್ತದೆ."

ನಾಲೆ ಬಯಲಿನವರಿಗೆ ಹಸಿರು ಅಂದರೆ ಗದ್ದೆ. ಇನ್ನೇನು ತಾನೇ ಅಂದುಕೊಂಡಾರು.

ಅವರು ಹೋದ ಮೇಲೆ ಹೊಳೆಯಿತು. ತೋಪಿನಲ್ಲಿ ನಲವತ್ತೊಂದು ಮನೆ ಎಲ್ಲಿಂದ ಬಂದವು? ಹಳೆಯ ಗ್ರಾಮನಕ್ಷೆ ತೆಗೆದು ನೋಡಿದೆ. 'ತೋಪು' ಅಂತ ಇದೆ. ಅದನ್ನು ನೋಡಿ ಹಸಿರು ಹಾಕಿದ್ದೆ. ಸ್ಥಳಕ್ಕೆ ಹೋಗಿರಲಿಲ್ಲ.

25-6-74, ಸಂಜೆ

ಸೈಕಲ್‌ನಲ್ಲಿ ಹೋಗಿ ಬಂದೆ. ಒಂದು ಹುಣಸೆಮರ ಬಿಟ್ಟರೆ ಮರ ಇಲ್ಲ. ಮನೆಗಳು, ಬಾವಿ, ಒಂದು ಬೋರ್ಡು ಇಲ್ಲದ ಶಾಲೆ. ಯಾರನ್ನೂ ಮಾತಾಡಿಸದೆ ಬಂದೆ.

ನಕ್ಷೆಗೆ ಬೆಂಗಳೂರಿನ ಮೊಹರು ಬಿದ್ದರೆ ಅದು ಪಾರ್ಕು. ಹೊಸ ಗೋಡೆಗೆ ಲೈಸೆನ್ಸ್ ಇಲ್ಲ, ಕರೆಂಟ್ ಇಲ್ಲ. ಯಾವತ್ತೋ ಒಂದು ದಿನ ಎಬ್ಬಿಸಲೂಬಹುದು. ಅದಕ್ಕೆ ಅವರದೇ ಕೈಯ ಕಾಗದ ಫೈಲಿನಲ್ಲಿ—ತಕರಾರಿಲ್ಲ.

4-7-74

ಒಂಬತ್ತು ದಿನ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ.

ಫೆಬ್ರವರಿಯಲ್ಲಿ ಸಾಹೇಬರು "ಎಲ್ಲ ಸ್ಥಳ ನೋಡಿದೆಯಾ?" ಅಂದಾಗ ಹೂಂ ಅಂದವನು ನಾನು. ಫೀಲ್ಡ್ ಬುಕ್ಕಿನಲ್ಲಿ ಸಹಿಯನ್ನೂ ಹಾಕಿದ್ದೇನೆ. ಬಿಸಿಲು ಅಂತ ಹೋಗಿರಲಿಲ್ಲ, ಅಷ್ಟೇ. ಈಗ ಬಾಯಿ ಬಿಟ್ಟರೆ ಕೆಲಸ ಹೋಗಬಹುದು. ಬಿಡದಿದ್ದರೆ... ಇನ್ನು ಹನ್ನೊಂದು ದಿನ ಇದೆ.

6-7-74, ಶನಿವಾರ

ಹೇಳಿಬಿಟ್ಟೆ. ಮೊದಲು ಅವರಿಗೆ.

ಹುಣಸೆಮರದ ಕೆಳಗೆ ಕೇರಿಯವರೆಲ್ಲ ಕೂತರು. ಹಸಿರು ಅಂದರೆ ಗದ್ದೆ ಅಲ್ಲ, ಮನೆ ಇರಕೂಡದ ಜಾಗ, ತಪ್ಪು ಮಾಡಿದವನು ನಾನೇ ಅಂದೆ. ಬೈಗುಳಕ್ಕೆ ಕಾದೆ. ಮರಿಸಿದ್ದಯ್ಯ ಎದ್ದು ಹೋಗಿ ಮರದ ಆಚೆ ಬದಿಗೆ ಒರಗಿ ನಿಂತ. ಪುಟ್ಟಮಾದಮ್ಮ, "ತೋಪು ಇದ್ದಿದ್ದು ದಿಟ ಕಣ್ ಸ್ವಾಮಿ, ನಮ್ಮತ್ತೆ ಕಾಲ್ದಲ್ಲಿ. ಕಡ್ದು ಸೌದೆ ಮಾರ್ಬುಟ್ರು" ಅಂದಳು, ನನ್ನ ಪರ ಸಾಕ್ಷಿ ಹೇಳುವವಳ ಹಾಗೆ.

ತಕರಾರು ಬರೆಯಿರಿ ಅಂದರೆ ಒಪ್ಪಳು.

"ತಕರಾರು ಅಂದ್ರೆ ಜಗಳ. ಸರ್ಕಾರದ ಮ್ಯಾಲೆ ಜಗಳಕ್ಕೆ ಓಗೋರಾ ನಾವು?"

"ಜಗಳ ಅಲ್ಲಮ್ಮ. ಇಲ್ಲಿ ನಾವಿದ್ದೀವಿ ಅಂತ ಹೇಳೋದು."

"ಅದ್ನೇ ಬರೀರಿ ಮತ್ತೆ. ಜಗಳದ ಮಾತು ಬ್ಯಾಡ."

ಅರ್ಧ ಗಂಟೆ ವಾದ. ಕೊನೆಗೆ ಮೇಲೆ 'ತಕರಾರು ಅರ್ಜಿ' ಅಂತ ಬರೆದು, ಒಳಗೆ ಅವಳ ಮಾತು ಹಾಕಿದೆ: "ಇಲ್ಲಿ ತೋಪು ಇಲ್ಲ, ನಾವಿದ್ದೇವೆ." ಮತ್ತೆ ನಲವತ್ತೊಂದು ಹೆಬ್ಬೆಟ್ಟು. ಮರಿಸಿದ್ದಯ್ಯ ಕೊನೆಯಲ್ಲಿ ಬಂದು ಒತ್ತಿದ, ನನ್ನ ಮುಖ ನೋಡಲಿಲ್ಲ.

ಬೆಲ್ಲದ ಕಾಫಿ ಕೊಟ್ಟರು. ಕೊಡುವ ಮುಂಚೆ ಪುಟ್ಟಮಾದಮ್ಮ "ಕುಡೀತೀರಾ ಸ್ವಾಮಿ?" ಅಂತ ಕೇಳಿದಳು. ಕೇಳುವ ಹಾಗೆ ಮಾಡಿದ್ದೇವಲ್ಲ ನಾವು, ಅನ್ನಿಸಿತು. ಕುಡಿದೆ. ಇನ್ನೊಂದು ಲೋಟ ಕೇಳಿ ಕುಡಿದೆ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಕಾಫಿಯ ವಿಷಯವನ್ನೂ. ಮಡಿ ಬಿಡದ ನಮ್ಮಮ್ಮ ಗೋದಮ್ಮನವರು ತಟ್ಟೆ ಹಾಕುತ್ತಾ, "ತಪ್ಪು ಮಾಡಿದೋನಿಗೆ ಕಾಫಿ ಕೊಟ್ಟರಲ್ಲೋ" ಅಂದರು. ಅಷ್ಟೇ. ಎಷ್ಟು ಹಗುರವಾಯಿತೆಂದರೆ, ತಟ್ಟೆ ಮುಂದೆ ಕೂತು ಅತ್ತುಬಿಟ್ಟೆ.

18-7-74, ಗುರುವಾರ

ವಿಚಾರಣೆ. ಕೇರಿಯ ಅರ್ಧ ಜನ ಬಂದು ವರಾಂಡದಲ್ಲಿ ಕೂತಿದ್ದರು. ಸಾಹೇಬರು ಒಂದು ಕೈಯಲ್ಲಿ ಹಳೆಯ ಅರ್ಜಿ, ಇನ್ನೊಂದರಲ್ಲಿ ಹೊಸದು ಹಿಡಿದು, "ಇಲ್ಲಿ ತಕರಾರಿಲ್ಲ, ಇಲ್ಲಿ ತಕರಾರು. ಯಾವುದನ್ನ ನಂಬಲಿ?" ಅಂದರು.

ಎದ್ದು ನಿಂತೆ. "ತಪ್ಪು ನನ್ನದು ಸಾರ್. ಸ್ಥಳ ನೋಡಿರಲಿಲ್ಲ. ನೋಡಿದೆ ಅಂತ ಸಹಿ ಹಾಕಿದ್ದೆ."

ಆಗ ಪುಟ್ಟಮಾದಮ್ಮ ಎದ್ದಳು.

"ಸ್ವಾಮಿ, ನಾವು ಅಲ್ಲಿರೋದು ಇವತ್ತು ನೆನ್ನೆಯಿಂದಲ್ಲ. ಓಟು ಕೇಳೋಕೆ ಬತ್ತಾರೆ, ಓಯ್ತಾರೆ. ತಪ್ಪು ಮಾಡ್ದೆ ಅಂತ ಏಳೋಕೆ ಬಂದೋರು ಇವ್ರೊಬ್ರೇಯ. ಇವ್ರ ಕೆಲ್ಸ ತೆಗ್ದು ನಮ್ಗೆ ಮನೆ ಕೊಡಬ್ಯಾಡಿ."

ಸಾಹೇಬರು ತುಂಬ ಹೊತ್ತು ಬರೆದರು. ತೋಪಿನ ಕೇರಿಯನ್ನು ಹಳದಿ ಮಾಡತಕ್ಕದ್ದು. ನನ್ನ ಕಡೆ ತಿರುಗಿ, "ಪ್ರೊಬೇಷನ್ ಇನ್ನೊಂದು ವರ್ಷ. ಆ ವರ್ಷ ಕುರ್ಚಿಯಲ್ಲಿ ಕಂಡೆಯೋ, ನೋಡು" ಅಂದರು. ಕೆಲಸ ಉಳಿಸಿದರು ಪುಣ್ಯಾತ್ಮರು. ಅವರಿಗೂ ಪುಟ್ಟಮಾದಮ್ಮನಿಗೂ ಒಟ್ಟಿಗೆ ಕೈ ಮುಗಿದೆ.

3-8-74, ಶನಿವಾರ, ಮಧ್ಯಾಹ್ನ

ಹಸಿರಿನ ಮೇಲೆ ಹಳದಿ ಕೂರುವುದಿಲ್ಲ. ಬ್ಲೇಡಿನಲ್ಲಿ ಮೆಲ್ಲಗೆ ಹೆರೆದು, ಒಣಗಿಸಿ, ಮತ್ತೆ ಬಳಿಯಬೇಕು. ಎರಡು ದಿನ ಹಿಡಿಯಿತು. ಇಷ್ಟು ಖುಷಿಯಿಂದ ಬಣ್ಣ ಹಾಕಿದ್ದು ನೆನಪಿಲ್ಲ. ಸೋಮವಾರ ನಕ್ಷೆ ಬೆಂಗಳೂರಿಗೆ.

ಪುಟ್ಟಮಾದಮ್ಮ ನೋಡಲು ಬಂದಳು. ಜವಾನ ಅಂಕಯ್ಯ ಸ್ಟೂಲು ಹಾಕಿಕೊಟ್ಟ. ಕೂರಲಿಲ್ಲ, ಗೋಡೆಗೆ ಮುಖ ಹತ್ತಿರ ಹಿಡಿದು ನಿಂತಳು. "ನನ್ ಮನೆ ಯಾವ್ದು?" ಬ್ರಷ್ಷಿನ ತುದಿಯಲ್ಲಿ ತೋರಿಸಿದೆ. ನೋಡಿದಳು, ನಕ್ಕಳು. ಆಮೇಲೆ ನಾಲೆಯ ಆಚೆ, ಇನ್ನೊಂದು ಹಸಿರು ಚೂರಿನ ಮೇಲೆ ಬೆರಳಿಟ್ಟಳು.

"ಇದ್ಯಾವ್ದು?"

"ಅದು ಮೈದಾನ ಕಣಮ್ಮ."

"ಯಾರೇಳಿದ್ರು?"

ಹೇಳಿದ್ದು ಹಳೆಯ ನಕ್ಷೆ.

"ಅಲ್ಲೂ ಜನ ಅವ್ರೆ ಕಣ್ ಸ್ವಾಮಿ. ಬನ್ನಿ, ತೋರುಸ್ತೀನಿ."

ಸಾಹೇಬರಿಗೆ ಹೇಳಿದೆ. ತಲೆ ಎತ್ತದೆ, "ಇನ್ನೂ ಇಲ್ಲೇ ಯಾಕೆ ನಿಂತಿದ್ದೀಯ?" ಅಂದರು. ಅಂಕಯ್ಯ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾನೆ, ಅಷ್ಟರಲ್ಲಿ ಇಷ್ಟು ಬರೆದೆ. ಅವಳು ಆಗಲೇ ಗೇಟು ದಾಟಿ ನಡೆದಿದ್ದಾಳೆ. ನಕ್ಷೆಯಲ್ಲಿ ಇನ್ನೂ ಹನ್ನೊಂದು ಹಸಿರು. ಒಂದನ್ನೂ ನಾನು ಹೋಗಿ ನೋಡಿಲ್ಲ. ಹೊರಟೆ.