ಮೊದಲು ಹಾಡಿದ ಕಂಪ್ಯೂಟರ್

ಅಮ್ಮಾ,

ಕಂಪ್ಯೂಟರ್ ಮೊದಲ ಸಲ ಹಾಡಿದ ದಿನದ ವಾರ್ಷಿಕೋತ್ಸವದ ವಿಷಯ. ನೀನು ಕಟ್ಟಿದ ಕಂಪ್ಯೂಟರ್ ಹಾಡಿದ್ದು ಸೋಮವಾರ, ಕಡಲಾಚೆಯವರದ್ದು ಮಂಗಳವಾರ. ಹಾಗಾಗಿ ಇಷ್ಟು ವರ್ಷ ನಾನು ಕೆಲಸ ಮಾಡುವ ಮ್ಯೂಸಿಯಂ ನಿನ್ನನ್ನೇ ವೇದಿಕೆ ಹತ್ತಿಸಿತು. ಆದರೆ ಅವರ ಗಡಿಯಾರ ನಮಗಿಂತ ಮುಂದು: ಅವರದ್ದು ಹಾಡಿದ್ದು ಅಲ್ಲಿ ನಡುರಾತ್ರಿ ದಾಟಿ ಮಂಗಳವಾರ ಆಗಷ್ಟೇ ಶುರುವಾದಾಗ, ನಮಗಿನ್ನೂ ಸೋಮವಾರ ಇಳಿಮಧ್ಯಾಹ್ನ. ನಿನ್ನದು ಹಾಡಿದ್ದು ಸಂಜೆ. ಯಾರೂ ಇದನ್ನು ಲೆಕ್ಕ ಹಾಕಿರಲಿಲ್ಲ. ನಾನು ಹಾಕಿದೆ.

ಆ ಸಂಜೆ ನೀನು, ಜ್ವರದಲ್ಲಿ ಸುಡುತ್ತಿದ್ದ ನನ್ನನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು, "ಇವತ್ತು ತಪ್ಪಿದ್ರೆ ಬೇರೆ ಯಾರೋ ಮೊದಲಾಗ್ಬಿಡ್ತಾರೆ ಕಣೇ" ಅಂದು ಓಡಿದ್ದೆ. ಅಷ್ಟರಲ್ಲಿ ಅವರು ಮೊದಲಾಗಿಬಿಟ್ಟಿದ್ದರಮ್ಮ.

ಈ ಸಲದ ಸಮಾರಂಭ ಅವರಿಗೆ. ನಿನ್ನ ಹಾಲ್‌ನ ಗೋಡೆಯ ಮೇಲಿರುವ ಫಲಕವನ್ನು ಇಳಿಸಿ ತಂದುಕೊಡು, ಹೆಸರು ಬದಲಿಸಬೇಕು. ನನಗೆ ವೇದಿಕೆಯ ಮೇಲೆ ಕೆಲಸವಿರುತ್ತದೆ. ಪಕ್ಕದ ಮನೆಯವರಿಗೆ ಹೇಳಿದ್ದೇನೆ, ಮುಗಿಯುವವರೆಗೂ ನಿನ್ನನ್ನು ನೋಡಿಕೊಳ್ಳುತ್ತಾರೆ.

ಇಂತಿ,
ನಿನ್ನ ಮಗಳು