ಟ್ರಸ್ಕಟ್ ನಮ್ಮೂರಿಗೆ ಬರುವ ಮೊದಲು

ವೆಸ್ಟ್ ಹಾಲ್ಡೆನ್, ಅಯೋವಾ
ಡಿಸೆಂಬರ್ 16, 2007

ಪ್ರೀತಿಯ ಮಗಳು ಅರಾಸೆಲಿಗೆ,

ಕಳೆದ ವರ್ಷ ಮಾರ್ಚ್ ಏಳರಂದು ಮೆಕ್ಸಿಕೋದ ಹುವಾರೆಸ್‌ನ ಅಮೆರಿಕನ್ ಕಾನ್ಸುಲೇಟ್ ಕಿಟಕಿಯ ಮುಂದೆ ನಿನಗೆ ಆದದ್ದನ್ನು ಯಾರು ಏನೆಂದು ಕರೆದರೂ ನಾನು ಅನ್ಯಾಯವೆಂದೇ ಕರೆಯುತ್ತೇನೆ. ನಿನ್ನ ಗಂಡ ನೀಲ್ಸ್ ಈ ದೇಶದ ಪ್ರಜೆ, ನಿನ್ನ ಮಗಳು ಪಲೋಮಾಳೂ ಈ ದೇಶದ ಪ್ರಜೆ. ನಿನ್ನ ಕಾಗದಪತ್ರ ಸರಿಯಾಗಬೇಕಾದರೆ ದೇಶ ಬಿಟ್ಟು ಹೋಗಿ ಸಂದರ್ಶನ ಕೊಟ್ಟು ಬಾ ಎಂದಿತು ಕಾನೂನು. ನೀನು ಹೋದೆ. ಕಾಗದವಿಲ್ಲದೆ ಇಲ್ಲಿ ಇದ್ದವಳು ಹೊರಗೆ ಕಾಲಿಟ್ಟೆಯಲ್ಲ, ಇನ್ನು ಹತ್ತು ವರ್ಷ ಒಳಗೆ ಬರಕೂಡದು ಎಂದಿತು ಅದೇ ಕಾನೂನು. ಯಾರ ಮಾತೂ ಕೇಳದೆ ಇಲ್ಲೇ ತೆಪ್ಪಗೆ ಕುಳಿತಿದ್ದರೆ ಈ ಹೊತ್ತು ನೀನು ನನ್ನ ಎದುರು ಆಲೂಗಡ್ಡೆ ಸುಲಿಯುತ್ತಿದ್ದೆ.

ನೋಡು, ಕ್ಷೇಮ ಕೇಳುವ ಮೊದಲೇ ಜಗಳಕ್ಕೆ ನಿಂತೆ. ನಿನ್ನ ಕೆಮ್ಮು ಹೇಗಿದೆ? ದುರಾಂಗೋದ ಚಳಿಗೆ ಆ ತೆಳು ಸ್ವೆಟರ್ ಸಾಲದೆಂದು ಉಣ್ಣೆಯದೊಂದು ಕಳುಹಿಸಿದ್ದೇನೆ, ತೋಳು ಸ್ವಲ್ಪ ಉದ್ದವಾಯಿತು, ಮಡಚಿಕೋ. ನಿಮ್ಮಮ್ಮನ ಮೊಣಕಾಲು ನೋವು ಕಡಿಮೆಯಾಯಿತೇ? ಇಲ್ಲಿ ನೀಲ್ಸ್ ಚೆನ್ನಾಗಿದ್ದಾನೆ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಅವನು ಊಟ ಮಾಡುತ್ತಾನೆ, ಕೆಲಸ ಮಾಡುತ್ತಾನೆ ಎಂದಷ್ಟೇ ಬರೆಯುತ್ತೇನೆ. ಪಲೋಮಾ ಮಾತ್ರ ಮನೆಯನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾಳೆ. ನಿನ್ನ ಮಾವನಿಗೆ ಸ್ಪ್ಯಾನಿಷ್ ಕಲಿಸುತ್ತಿದ್ದಾಳೆ. ಅವರು ಅದನ್ನು ಹಂದಿಗಳ ಮೇಲೆ ಪ್ರಯೋಗಿಸುತ್ತಾರೆ. ನಿನ್ನೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು "ತಾತ, ಹಾಗಲ್ಲ, ನೀನು ಹೇಳಿದ್ದು ಹಂದಿಗೂ ಅರ್ಥ ಆಗಲ್ಲ" ಎಂದು ಗದರಿಸುತ್ತಿದ್ದಳು. ಅವರು ಟೋಪಿ ತೆಗೆದು ಹಂದಿಗಳ ಕ್ಷಮೆ ಕೇಳಿದರು.

ಜನವರಿ ಮೂರಕ್ಕೆ ನಮ್ಮ ಸಭೆ. ಅಧ್ಯಕ್ಷ ಪದವಿಗೆ ಯಾರು ನಿಲ್ಲಬೇಕೆಂದು ದೇಶದಲ್ಲೆಲ್ಲ ಮೊದಲು ಹೇಳುವವರು ನಾವೇ ಎಂಬ ಜಂಭ ಅಯೋವಾದವರಿಗೆ. ಅದಕ್ಕೇ ಉಮೇದುವಾರರು ಕಾಗೆಗಳ ಹಾಗೆ ಇಳಿದಿದ್ದಾರೆ. ಕೈಗೆ ಸಿಕ್ಕವರನ್ನೆಲ್ಲ ನಾನು ಕೇಳುವುದು ಒಂದೇ: ನನ್ನ ಸೊಸೆಯನ್ನು ವಾಪಸು ಕರೆಸುತ್ತೀರಾ? ಸೆನೆಟರ್ ಡೆಲಾಫೀಲ್ಡ್ ಗ್ರಂಥಾಲಯಕ್ಕೆ ಬಂದಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡು "ನಿಮ್ಮ ಕಥೆ ಕೇಳಿ ಕರುಳು ಕಿತ್ತು ಬಂತಮ್ಮ" ಎಂದಳು. "ಕರುಳು ಹಾಗಿರಲಿ, ಏನು ಮಾಡ್ತೀರಿ ಹೇಳಿ" ಎಂದೆ. ವಲಸೆ ಕಾನೂನಿನ ಸಮಗ್ರ ಸುಧಾರಣೆಯಂತೆ. ಈ ಬೇಸಿಗೆಯಲ್ಲಿ ಸೆನೆಟ್‌ನಲ್ಲಿ ಆ ಮಸೂದೆ ಮುಗ್ಗರಿಸಿ ಬಿದ್ದಾಗ ಈ ಕರುಳು ಎಲ್ಲಿತ್ತು ಎಂದು ಕೇಳುವಷ್ಟರಲ್ಲಿ ಆಕೆ ಪಕ್ಕದವರ ಕೈ ಹಿಡಿದಾಗಿತ್ತು. ಇನ್ನೊಬ್ಬ, ಯಾವುದೋ ಊರಿನ ಮಾಜಿ ಮೇಯರ್, "ಎಲ್ಲರ ಹಾಗೆ ಸರತಿಯಲ್ಲಿ ಬರಲಿ" ಎಂದ. "ಸ್ವಾಮಿ, ಅವಳು ಸರತಿಯಲ್ಲಿ ನಿಂತಿದ್ದಕ್ಕೇ ಹೊರಗೆ ಹಾಕಿದ್ದು" ಎಂದೆ. ಅವನಿಗೆ ತಕ್ಷಣ ಹಸಿವಾಯಿತು, ತಿಂಡಿಯ ಮೇಜಿನತ್ತ ನಡೆದ.

ಮೂರನೆಯವನು ಗವರ್ನರ್ ಟ್ರಸ್ಕಟ್. ಟೀವಿ ಹಾಕಿದರೆ ಅವನೇ: ಕಾಗದವಿಲ್ಲದವರಿಗೆ ಕ್ಷಮಾದಾನವಿಲ್ಲ, ಇವತ್ತಿಲ್ಲ, ಎಂದೂ ಇಲ್ಲ. ಹತ್ತೊಂಬತ್ತುನೂರ ಎಂಬತ್ತಾರರಲ್ಲಿ ಅವನ ಪಕ್ಷದ ಅಧ್ಯಕ್ಷರೇ ಸಹಿ ಹಾಕಿ ಲಕ್ಷಾಂತರ ಜನರಿಗೆ ಅದೇ ಕ್ಷಮಾದಾನ ಕೊಟ್ಟಿದ್ದರು. ಆಗ ಟ್ರಸ್ಕಟ್ ಚಿಕ್ಕ ಶಾಸಕ. ಕ್ರೈಸ್ತರು ಮಾಡಬೇಕಾದ ಕೆಲಸ ಎಂದು ಹೊಗಳಿದ್ದ. ಅವನು ಮರೆತಿರಬಹುದು. ಮೂವತ್ತು ವರ್ಷ ಊರಿನ ಗ್ರಂಥಾಲಯದಲ್ಲಿ ಪತ್ರಿಕೆಗಳನ್ನೆಲ್ಲ ಓದಿ ಜೋಡಿಸಿಟ್ಟ ನಾನು ಮರೆಯುವುದಿಲ್ಲ. ನಮ್ಮ ಟೈರ್ ಅಂಗಡಿಯ ಎವರಿಸ್ತೋಗೆ ಕಾಗದ ಸಿಕ್ಕಿದ್ದು ಆಗಲೇ. ಆಕಾಶ ಬಿತ್ತೇ? ಇವತ್ತು ಈ ಊರಿನ ಅರ್ಧ ಟ್ರ್ಯಾಕ್ಟರುಗಳು ಓಡುವುದು ಅವನ ಕೈಯಿಂದ. ಬೇಸರವಾಗುವುದು ಟ್ರಸ್ಕಟ್‌ನಿಂದಲ್ಲ, ನಮ್ಮವರಿಂದ. ಚರ್ಚಿನ ಕಾಫಿಗೆ ಕುಳಿತಾಗ ಬರ್ನೀಸ್ ನನ್ನ ಭುಜ ತಟ್ಟಿ, "ನಿನ್ನ ಸೊಸೆ ವಿಷಯ ಬೇರೆ ಬಿಡು ಥೋರಾ, ಅವಳು ನಮ್ಮವಳು. ನಾನು ಹೇಳೋದು ಉಳಿದವರ ಮಾತು" ಎಂದಳು. "ಉಳಿದವರಿಗೇನು ಅತ್ತೆ ಮಾವ ಇಲ್ವೇನೇ?" ಎಂದೆ. ಪಾಪ, ಅವಳು ಕೆಟ್ಟವಳಲ್ಲ. ನಿನ್ನ ಹುಟ್ಟುಹಬ್ಬಕ್ಕೆಂದು ಅವಳೇ ಬೇಯಿಸಿದ ಶುಂಠಿ ಬಿಸ್ಕತ್ತು ಈ ಗಂಟಿನಲ್ಲಿದೆ.

ಈಗ ಮನೆಯ ಸುದ್ದಿ, ಬಚ್ಚಿಡುವುದಿಲ್ಲ. ಈ ತಿಂಗಳ ಇಪ್ಪತ್ತೊಂಬತ್ತಕ್ಕೆ ಟ್ರಸ್ಕಟ್ ನಮ್ಮೂರ ಮಾಜಿ ಸೈನಿಕರ ಲೀಜನ್ ಸಭಾಂಗಣಕ್ಕೆ ಬರುತ್ತಾನೆ. ಇಂಥವರು ಭಾಷಣ ಮಾಡುವ ಮೊದಲು ಊರಿನ ಒಬ್ಬ ದೊಡ್ಡಮನುಷ್ಯ ಎದ್ದು ನಾಲ್ಕು ಒಳ್ಳೆಯ ಮಾತಾಡಿ ಪರಿಚಯಿಸಬೇಕಲ್ಲ, ಅದಕ್ಕೆ ಅವನ ಕಡೆಯವರು ನಿನ್ನ ಮಾವನನ್ನು ಕೇಳಿದರು. ಅವರು ಆಗಲಿ ಎಂದುಬಿಟ್ಟರು! "ಆ ಮನುಷ್ಯನನ್ನ ನೀವು ಮೆರೆಸ್ತೀರಾ?" ಎಂದೆ. "ಹಂದಿ ರೇಟಿನ ಬಗ್ಗೆ ಅವನಿಗೆ ಗೊತ್ತು ಕಣೇ" ಎಂದರು. "ಹಾಗಾದ್ರೆ ಹಂದಿಗಳನ್ನೇ ಕರ್ಕೊಂಡು ಹೋಗಿ, ಚಪ್ಪಾಳೆ ಅವೇ ಹೊಡೀಲಿ." ಅಂದಿನಿಂದ ನಾನು ಅವರೊಡನೆ ಮಾತು ಬಿಟ್ಟಿದ್ದೇನೆ. ಬೇಕಾದ್ದನ್ನು ಪಲೋಮಾಳ ಬಾಯಿಂದ ಹೇಳಿಸುತ್ತೇನೆ. ಅವಳು ಅದಕ್ಕೆ ತನ್ನದೂ ನಾಲ್ಕು ಸೇರಿಸುತ್ತಾಳೆ.

ನೀಲ್ಸ್ ಅಂದು ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ವಸಂತದ ಹೊತ್ತಿಗೆ ದಾರಿ ಕಾಣಲಿಲ್ಲ ಅಂದ್ರೆ ಜಮೀನಿನಲ್ಲಿ ನನ್ನ ಪಾಲು ಮಾರಿ, ಮಗೂನ ಕರ್ಕೊಂಡು ದುರಾಂಗೋಗೆ ಹೋಗ್ತೀನಿ." ಮಗು ತಾಯಿಯ ಹತ್ತಿರ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ನೀನು ಕರೆದರೆ ನಾನೇ ಅವಳ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬುತ್ತೇನೆ. ಆದರೆ ಈ ಮನೆ ಅವಳದೂ ಹೌದು, ನಿನ್ನದೂ ಹೌದು. ನಿನ್ನ ಹತ್ತು ವರ್ಷ ಮುಗಿಯುವಾಗ ಅವಳಿಗೆ ಹದಿಮೂರು ತುಂಬಿರುತ್ತದೆ. ನನಗೆ ಎಷ್ಟಾಗಿರುತ್ತದೆಂದು ನಾನು ಲೆಕ್ಕ ಹಾಕುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಅಳಬೇಡ, ಅತ್ತರೂ ಒಬ್ಬಳೇ ಕುಳಿತು ಅಳಬೇಡ. ನಿಮ್ಮಮ್ಮನಿಗೆ ನನ್ನ ನಮಸ್ಕಾರ. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ನಿನ್ನ ಅತ್ತೆ,
ಥೋರಾ

ಮತ್ತೆ ಬರೆದದ್ದು: ಎವರಿಸ್ತೋ ಕ್ರಿಸ್‌ಮಸ್‌ಗೆಂದು ನಿಮ್ಮ ಕಡೆಗೆ ಹೊರಟು ನಿಂತಿದ್ದಾನೆ, ಅಂಗಳದಲ್ಲಿ ವ್ಯಾನಿನ ಹಾರ್ನ್ ಒತ್ತುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈಗಷ್ಟೇ ನಿನ್ನ ಮಾವ ಬೂಟುಗಾಲಲ್ಲೇ ಅಡುಗೆಮನೆಗೆ ಬಂದರು. "ಮಾತಾಡಬೇಡ, ಕೇಳಿಸ್ಕೋ ಸಾಕು" ಎಂದು ಟೋಪಿ ತೆಗೆದು ಒಲೆಗೆ ಎದುರಾಗಿ ನಿಂತು, ಇಪ್ಪತ್ತೊಂಬತ್ತರ ಸಭೆಯಲ್ಲಿ ಆಡುವ ಮಾತನ್ನು ಒಪ್ಪಿಸಿದರು. "ಗವರ್ನರ್ ಅವರನ್ನ ಪರಿಚಯ ಮಾಡೋಕೆ ಮುಂಚೆ ನನ್ನ ಸೊಸೆಯನ್ನ ಪರಿಚಯ ಮಾಡ್ತೀನಿ. ಹೆಸರು ಅರಾಸೆಲಿ. ಕಾನೂನು ಪ್ರಕಾರ ಹೋಗಿ ಬಾ ಮಗಳೇ ಅಂತ ಬಸ್ ನಿಲ್ದಾಣಕ್ಕೆ ಬಿಟ್ಟು ಬಂದವನು ನಾನೇ." ಅಲ್ಲಿಗೆ ನಿಲ್ಲಿಸಿ ಟೋಪಿಯನ್ನು ತಲೆಗಿಟ್ಟುಕೊಂಡರು. ನಾನು ಮಾತು ಬಿಟ್ಟದ್ದನ್ನು ಮರೆತು "ಆಮೇಲೆ?" ಎಂದೆ. ನಿನ್ನ ಹೆಸರನ್ನು ಊರೆದುರು ಎತ್ತಲು ನಿನ್ನ ಒಪ್ಪಿಗೆ ಬೇಕಂತೆ, ಅದಿಲ್ಲದೆ ಬಾಯಿ ತೆರೆಯುವುದಿಲ್ಲವಂತೆ. ಈ ಕಾಗದ ಸಿಕ್ಕ ಮೇಲೆ ಬರುವ ಭಾನುವಾರದ ಫೋನಿನಲ್ಲೇ ಅವರಿಗೆ ಹೂಂ ಅನ್ನು, ಇಲ್ಲವೇ ಉಹೂಂ ಅನ್ನು. ನೀನು ಹೂಂ ಎಂದರೆ ಮೈಕನ್ನು ಆ ಮನುಷ್ಯನ ಕೈಗೆ ಕೊಡುವ ಮೊದಲು ಅವರು ಕೇಳುವುದು ಇಷ್ಟೇ: "ಗವರ್ನರೇ, ಕಾನೂನು ಹೇಳಿದ ಹಾಗೇ ಮಾಡಿದವಳಿಗೆ ಹತ್ತು ವರ್ಷ ಯಾಕೆ? ಭಾಷಣ ಆಮೇಲೆ ಮಾಡಿ. ಮೊದಲು ಇದಕ್ಕೆ ಇಲ್ಲೇ, ಈ ಜನರ ಎದುರಿಗೇ ಉತ್ತರ ಹೇಳಿ."